ದರೋಡೆ ಆರೋಪ: ಮೂರು ಪ್ರತಿವಾದಗಳಲ್ಲಿ ಯಾವುದು?

ಚಿತ್ರದುರ್ಗದ ಬಳಿ ಹೆದ್ದಾರಿಯಲ್ಲಿ ರಾತ್ರಿ ಲಾರಿ ಚಾಲಕನನ್ನು ಅಡ್ಡಗಟ್ಟಿ ಹಣ ದೋಚಿದ ಆರೋಪ ತಮ್ಮನ ಮೇಲಿದ್ದು, ‘ಅಲ್ಲಿರಲೇ ಇಲ್ಲ’, ‘ಗುರುತು ತಪ್ಪಾಗಿದೆ’, ‘ನಡೆದದ್ದು ಬರೀ ಕಳವು’ ಎಂಬ ವಾದಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ಓದುಗರೊಬ್ಬರು ಕೇಳಿದ್ದಾರೆ.

ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಮಿನಡಿ ದರೋಡೆಗೆ 10 ವರ್ಷದವರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೆ ಕಠಿಣ ಸಜೆಯಿದೆ. ಮೊದಲ ಬಾರಿಯ ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ. ಮೂರನೆಯ ವಾದದ ಆಕರ್ಷಣೆ ಇಷ್ಟೇ. ಆದರೆ ಹಣ ತೆಗೆದುಕೊಂಡದ್ದನ್ನು ಒಪ್ಪಿಕೊಂಡಂತೆಯೇ ಆಗುವುದರಿಂದ ಅದು ಮೊದಲೆರಡರ ಜೊತೆ ನಿಲ್ಲದು. ಕಳವನ್ನು ದರೋಡೆಯಾಗಿಸುವ ಹಲ್ಲೆ, ಬೆದರಿಕೆ, ಅಡ್ಡಗಟ್ಟಿದ್ದು ಇವುಗಳ ಸಾಕ್ಷ್ಯ ಸಡಿಲವಾಗಿದ್ದಾಗ ಮಾತ್ರ ಅದು ಉಪಯುಕ್ತ.

ಬೇರೆಡೆ ಇದ್ದನೆಂಬುದನ್ನು ಆರೋಪಿಯೇ ರುಜುವಾತುಪಡಿಸಬೇಕು. ಉದಾಹರಣೆಗೆ, ಆ ಹೊತ್ತಿನ ದಾವಣಗೆರೆಯ ಅಂಗಡಿಯ ಸಿಸಿಟಿವಿ ದೃಶ್ಯವೋ ಆಸ್ಪತ್ರೆಯ ದಾಖಲೆಯೋ ಇದ್ದರೆ ಇದಕ್ಕಿಂತ ಗಟ್ಟಿ ವಾದವಿಲ್ಲ. ಬರೀ ನೆಂಟರ ಬಾಯಿಮಾತಾದರೆ ಎದುರು ವಕೀಲರ ಪಾಟೀಸವಾಲಿನಲ್ಲಿ ಕುಸಿಯುವ ಅಪಾಯ ಹೆಚ್ಚು. ಹಳೆಯ ದೃಶ್ಯಗಳು ತಾವಾಗಿಯೇ ಅಳಿಸಿಹೋಗುವುದರಿಂದ ಅವನ್ನು ಉಳಿಸಿಡುವಂತೆ ವಕೀಲರ ಮೂಲಕ ಇಂದೇ ಅರ್ಜಿ ಹಾಕುವುದು ಒಳಿತು.

ಗುರುತಿನ ವಾದದಲ್ಲಿ ರುಜುವಾತಿನ ಹೊರೆ ಪ್ರಾಸಿಕ್ಯೂಷನ್ ಮೇಲೆಯೇ ಉಳಿಯುತ್ತದೆ. ಎಫ್‌ಐಆರ್‌ನಲ್ಲಿ ‘ಅಪರಿಚಿತರು’ ಎಂದಷ್ಟೇ ಇದ್ದು, ಗುರುತು ಪತ್ತೆ ಪರೇಡ್ (ಹಲವರ ಸಾಲಿನಲ್ಲಿ ಆರೋಪಿಯನ್ನು ಸಾಕ್ಷಿ ಗುರುತಿಸುವ ಪರೀಕ್ಷೆ) ತಡವಾಗಿದ್ದರೆ ಅಥವಾ ಅದಕ್ಕೂ ಮೊದಲೇ ಠಾಣೆಯಲ್ಲಿ ಆರೋಪಿಯನ್ನು ಸಾಕ್ಷಿಗೆ ತೋರಿಸಿದ್ದರೆ, ನನ್ನ ದೃಷ್ಟಿಯಲ್ಲಿ ಇದೇ ಮೇಲು. ಘಟನೆಯ ಬೆನ್ನಲ್ಲೇ ದೋಚಿದ ವಸ್ತು ತಮ್ಮನ ಬಳಿಯೇ ಜಪ್ತಿಯಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಜಪ್ತಿಯ ಪಂಚನಾಮೆಗೆ (ಸ್ಥಳದಲ್ಲೇ ಬರೆದ ದಾಖಲೆ) ಸಹಿ ಹಾಕಿದ ಪಂಚರ, ಅಂದರೆ ಜಪ್ತಿಗೆ ಸಾಕ್ಷಿಯಾದವರ, ಹೇಳಿಕೆಯೇ ಮೊದಲು ಪರಿಶೀಲಿಸಬೇಕಾದದ್ದು.