ಸ್ಟಾರ್‌ಡಸ್ಟ್ ಯಾರಿಗೆ: ಎಲೆಕ್ಟಿವೈರ್‌ಗೋ, ರೈಕೂಗೋ, ಮ್ಯಾಗ್ನೆಝೋನ್‌ಗೋ?

ಪೋಕೆಮಾನ್ ಗೋ ಮೊಬೈಲ್ ಆಟದಲ್ಲಿ 20ನೇ ಲೆವೆಲ್‌ನ ಒಂದು ಪೋಕೆಮಾನನ್ನು 40ಕ್ಕೆ ಏರಿಸಲು 2,25,000 ಸ್ಟಾರ್‌ಡಸ್ಟ್, 248 ಕ್ಯಾಂಡಿ ಬೇಕು; ಎರಡೂ ಪೋಕೆಮಾನ್‌ನ ಬಲ ಹೆಚ್ಚಿಸುವ ಸಾಮಗ್ರಿ. ದಿನಾ ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಕಂಡದ್ದನ್ನೆಲ್ಲ ಹಿಡಿದರೂ ಅಷ್ಟು ಕೂಡಿಸಲು ನನಗೆ ತಿಂಗಳ ಮೇಲಾಗುತ್ತದೆ. ಹಾಗಾಗಿ ತಪ್ಪು ಪೋಕೆಮಾನ್‌ಗೆ ಸುರಿದರೆ ಹೊಟ್ಟೆ ಉರಿಯುತ್ತದೆ. ಎಲೆಕ್ಟ್ರಿಕ್ ಟೈಪ್‌ನಲ್ಲಿ ನನ್ನ ಹತ್ತಿರ 30ನೇ ಲೆವೆಲ್‌ಗೆ ಬಂದವು ಮೂರು: ಎಲೆಕ್ಟಿವೈರ್, ರೈಕೂ, ಮ್ಯಾಗ್ನೆಝೋನ್. ಮೂರಕ್ಕೂ ವೈಲ್ಡ್ ಚಾರ್ಜ್ ಅನ್ನುವ ಎಲೆಕ್ಟ್ರಿಕ್ ಮೂವ್ (ಶಕ್ತಿಯ ಬಾರ್ ತುಂಬಿದಾಗ ಹೊಡೆಯುವ ಏಟು) ಇದೆ. ಎಲೆಕ್ಟ್ರಿಕ್ ಏಟು ಹೆಚ್ಚು ತಾಗುವ ನೀರಿನ ಟೈಪ್‌ನ ಕೈಯೋಗರ್ ರೈಡ್‌ಗೆ (ಹಲವರು ಸೇರಿ ಒಂದು ಬಲಿಷ್ಠ ಪೋಕೆಮಾನ್ ಜೊತೆ ಹೋರಾಡುವ ಪಂದ್ಯ) ಬಂದಿದ್ದ ವಾರ, ಪ್ರತಿ ಸಲ ಒಂದೊಂದನ್ನು ಮೊದಲ ಸ್ಥಾನದಲ್ಲಿ ನಿಲ್ಲಿಸಿ, ಬೀಳುವ ಮೊದಲು ಎಷ್ಟು ವೈಲ್ಡ್ ಚಾರ್ಜ್ ಹೊಡೆಯುತ್ತದೆ ಎಂದು ಎಣಿಸಿದೆ. ನನ್ನ ಜೊತೆ ತಂಗಿ, ಪಕ್ಕದ ಬೀದಿಯ ಇಬ್ಬರು ಹುಡುಗರು.

ನನ್ನ ಆಸೆಯೆಲ್ಲ ಎಲೆಕ್ಟಿವೈರ್ ಮೇಲಿತ್ತು. ಎಲೆಕ್ಟಾಬಝ್ ಅನ್ನು ಸಿನ್ನೋ ಸ್ಟೋನ್, 100 ಕ್ಯಾಂಡಿ ಕೊಟ್ಟು ಬದಲಾಯಿಸಿದ್ದೆ, ನೋಡಲೂ ಗಟ್ಟಿಗ. ಅಟ್ಯಾಕ್ 249, ರೈಕೂದು 241, ಮ್ಯಾಗ್ನೆಝೋನ್‌ದು 238. ಅಂಕಿ ನೋಡಿ ಅದೇ ಮುಂದೆ ಅನ್ನಿಸುವುದು ಸಹಜ. ಆದರೆ ಡಿಫೆನ್ಸ್ 163. ಕೈಯೋಗರ್‌ನ ಹೈಡ್ರೋ ಪಂಪ್ ಒಂದೇ ಬಾರ್‌ನ ಮೂವ್ (ಪೂರ್ತಿ ಶಕ್ತಿ ಖರ್ಚು ಮಾಡಿ ಹೊಡೆಯುವಂಥದ್ದು), ಬಂದರೆ ಒಂದೇ ಏಟಿಗೆ ಜೀವ ಹೀರುತ್ತದೆ. ಎಲೆಕ್ಟಿವೈರ್ ಎರಡು ವೈಲ್ಡ್ ಚಾರ್ಜ್ ಹೊಡೆದು, ಮೂರನೆಯದಕ್ಕೆ ಬಾರ್ ಇನ್ನೇನು ತುಂಬಬೇಕು ಅನ್ನುವಾಗ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನೊಂದು ರೈಡ್‌ನಲ್ಲೂ ಅದೇ ಕತೆ. ಎಂಟು ಅಂಕಿಯ ಹೆಚ್ಚುವರಿ ಅಟ್ಯಾಕ್ ಇಟ್ಟುಕೊಂಡು ಏನು ಮಾಡಲಿ, ತುಂಬಿದ ಶಕ್ತಿಯೆಲ್ಲ ಅದರ ಜೊತೆಗೇ ಹೋಗುತ್ತಿದ್ದರೆ?

ರೈಕೂ ತಂಗಿಗೆ ಪ್ರಾಣ. ಅದಕ್ಕೆ ಅವಳು ‘ಶಿಂಷಾ’ ಅಂತ ಹೆಸರಿಟ್ಟಿದ್ದಾಳೆ. ಅಜ್ಜಿಯ ಊರು ಮಳವಳ್ಳಿ ಕಡೆ, ಶಿಂಷಾ ಕರೆಂಟು ಅನ್ನುವ ಮಾತು ಕೇಳಿಯೇ ನಾವು ಬೆಳೆದದ್ದು. ಆ ಹೆಸರಿಗೆ ರೈಕೂ ತಕ್ಕುದೇ. ಡಿಫೆನ್ಸ್ 195, ಸ್ಟ್ಯಾಮಿನಾ 207. ಥಂಡರ್ ಶಾಕ್‌ನಿಂದ ಬಾರ್ ಬೇಗ ತುಂಬುತ್ತದೆ. ಎರಡೂ ರೈಡ್‌ಗಳಲ್ಲಿ ನಾಲ್ಕು ವೈಲ್ಡ್ ಚಾರ್ಜ್ ಹೊಡೆದೇ ಬಿದ್ದದ್ದು. ಬರೀ ಹೊಡೆದಾಟ ನೋಡಿದರೆ ಮೂವರಲ್ಲಿ ಇದೇ ಮೇಲು, ನನಗೆ ಇದರಲ್ಲಿ ಅನುಮಾನವಿಲ್ಲ. ತೊಡಕಿರುವುದು ಕ್ಯಾಂಡಿಯಲ್ಲಿ. ಲೆಜೆಂಡರಿ ಆದ್ದರಿಂದ ಅದು ದಾರಿಯಲ್ಲಿ ಸಿಗುವುದಿಲ್ಲ. ರೈಡ್‌ಗೆ ಬಂದಾಗ ಹಿಡಿಯಬೇಕು, ಇಲ್ಲವೇ ಯಾವ ಪೋಕೆಮಾನ್‌ಗೂ ಆಗುವ ರೇರ್ ಕ್ಯಾಂಡಿ ಸುರಿಯಬೇಕು. ಒಂದನ್ನು ಬೆಳೆಸುವುದೇ ಸಾಹಸ, ಎರಡನೆಯದರ ಮಾತೇ ಇಲ್ಲ. ರೈಡ್‌ಗೆ ಆರು ಪೋಕೆಮಾನ್ ಬೇಕು.

ಝಾಪ್ಡೋಸ್ ಅನ್ನುವ ಇನ್ನೊಂದು ಎಲೆಕ್ಟ್ರಿಕ್ ಪೋಕೆಮಾನ್ ಬಗ್ಗೆ ಆ ಹುಡುಗರು ತುಂಬ ಹೇಳಿದರು, ಅವರದನ್ನೇ ನೋಡಿದೆ. ಅಟ್ಯಾಕ್ 253, ನಿಜ. ಆದರೆ ಫ್ಲೈಯಿಂಗ್ ಟೈಪ್ ಕೂಡ ಆದ್ದರಿಂದ ಐಸ್ ಮೂವ್ ಬ್ಲಿಝರ್ಡ್ ಇರುವ ಕೈಯೋಗರ್ ಮುಂದೆ 1.6 ಪಟ್ಟು ಏಟು ತಿನ್ನುತ್ತದೆ. ಈ ರೈಡ್‌ಗೆ ಬೇಡ.

ಮ್ಯಾಗ್ನೆಝೋನ್ ಗೆದ್ದದ್ದು ಅಲ್ಲೇ. ಅದು ಸ್ಟೀಲ್ ಟೈಪ್ ಸಹ ಹೌದು, ಐಸ್ ಏಟು ಅದಕ್ಕೆ ಕಡಿಮೆ ತಾಗುತ್ತದೆ. ಹೈಡ್ರೋ ಪಂಪ್ ಇದ್ದ ಕೈಯೋಗರ್ ಎದುರು ಮೂರು ವೈಲ್ಡ್ ಚಾರ್ಜ್ ಹೊಡೆಯಿತು, ಬ್ಲಿಝರ್ಡ್ ಇದ್ದದ್ದರ ಎದುರು ಐದು! ರೈಕೂಗೂ ಆಗದ್ದು. ಆವತ್ತು ಮಳೆ ಜಿನುಗುತ್ತಿತ್ತು, ಮಳೆಯಲ್ಲಿ ಎಲೆಕ್ಟ್ರಿಕ್ ಮೂವ್‌ಗಳ ಬಲ 1.2 ಪಟ್ಟು. ಆದರೆ ಕೈಯೋಗರ್‌ನ ನೀರಿನ ಮೂವ್‌ಗಳಿಗೂ ಅದೇ ಲಾಭ ಇರುವುದರಿಂದ ಮಳೆ ನೋಡಿ ಹಿಗ್ಗಿದರೆ ಸಾಲದು, ಬೇಗ ಬೀಳುವವರು ಇನ್ನೂ ಬೇಗ ಬೀಳುತ್ತಾರೆ. ಆವತ್ತು ಹೊಸಬನೊಬ್ಬ ಎಲೆಕ್ಟಿವೈರ್ ಮಾತ್ರ ತುಂಬಿಕೊಂಡು ಬಂದಿದ್ದ. ಎಲ್ಲವೂ ಬಿದ್ದು ಎರಡು ಸಲ ಮತ್ತೆ ಲಾಬಿಗೆ (ರೈಡ್‌ಗೆ ಮೊದಲು ಕಾಯುವ ಜಾಗ) ಬರಬೇಕಾಯಿತು, ಪಾಪ.

ಕ್ಯಾಂಡಿಯೂ ಸುಲಭ. ಮ್ಯಾಗ್ನೆಝೋನ್‌ನ ಮೊದಲ ರೂಪ ಮ್ಯಾಗ್ನೆಮೈಟ್ ದಾರಿಯಲ್ಲೇ ಸಿಗುತ್ತದೆ. 25 ಕ್ಯಾಂಡಿಗೆ ಮ್ಯಾಗ್ನೆಟಾನ್, ಆಮೇಲೆ 100 ಕ್ಯಾಂಡಿ. ಕೊನೆಯ ಬದಲಾವಣೆಗೆ ಪೋಕೆಸ್ಟಾಪ್‌ನಲ್ಲಿ (ಆಟದ ನಕ್ಷೆಯಲ್ಲಿ ಗುರುತಿಸಿದ ಜಾಗ) ಮ್ಯಾಗ್ನೆಟಿಕ್ ಲ್ಯೂರ್ ಅನ್ನುವ ವಸ್ತು ಹಾಕಿರಬೇಕು. ಇದು ಎಲ್ಲರ ಪಾಲಿನದು: ಒಬ್ಬರು ಹಾಕಿದರೆ ಹತ್ತಿರ ಇರುವವರೆಲ್ಲ ಬದಲಾಯಿಸಿಕೊಳ್ಳಬಹುದು. ನಾವು ನಾಲ್ಕು ಜನ ಒಂದೇ ಲ್ಯೂರ್‌ನಲ್ಲಿ ಏಳು ಮ್ಯಾಗ್ನೆಝೋನ್ ಮಾಡಿಕೊಂಡೆವು. ಒಬ್ಬೊಬ್ಬರೇ ಹಾಕಿ ಹಣ ಕಳೆಯಬೇಡಿ, ಮಾತಾಡಿಕೊಂಡು ಸೇರಿ.

ಎಚ್ಚರಿಕೆಯೊಂದಿದೆ. ಗ್ರೌಂಡ್ ಟೈಪ್ ಮುಂದೆ ಮ್ಯಾಗ್ನೆಝೋನ್ ನಿಲ್ಲಿಸಬೇಡಿ, ಏಟು 2.56 ಪಟ್ಟು ಬೀಳುತ್ತದೆ. ಆಟಗಾರರೇ ಎದುರುಬದುರಾಗಿ ಆಡುವ ಗ್ರೇಟ್ ಲೀಗ್‌ನಲ್ಲಿ ಸ್ವಾಂಪರ್ಟ್ ನೀರಿನದು ಅಂತ ನಂಬಿ ಎಲೆಕ್ಟ್ರಿಕ್ ಕಳಿಸುವವರನ್ನು ಬಹಳ ನೋಡಿದ್ದೇನೆ. ಅದು ಗ್ರೌಂಡ್ ಕೂಡ, ನಿಮ್ಮ ಏಟು 0.625ಕ್ಕೆ ಇಳಿಯುತ್ತದೆ. ಅದೇ ಗ್ಯಾರಡೋಸ್ ನೀರು ಮತ್ತು ಫ್ಲೈಯಿಂಗ್, ಅಲ್ಲಿ ಇದೇ ಮೂವ್‌ಗೆ 2.56.

ನಾನು ಮೊದಲು ಮ್ಯಾಗ್ನೆಝೋನ್‌ಗೇ ಸುರಿಯುತ್ತಿದ್ದೇನೆ, ಈಗ 36ಕ್ಕೆ ಬಂದಿದೆ. ರೈಕೂ ಎರಡನೆಯದು. ಎಲೆಕ್ಟಿವೈರ್ 30ರಲ್ಲೇ ನಿಂತಿದೆ.

“ಶಿಂಷಾಗೂ ಕೊಡೋ ಅಣ್ಣ,” ಅಂತ ತಂಗಿ ದಿನಾ ಕೇಳುತ್ತಾಳೆ. ರೈಕೂ ರೈಡ್‌ಗೆ ಮತ್ತೆ ಬಂದ ವಾರ ನಾಲ್ಕಾದರೂ ಹಿಡಿಯೋಣ ಅಂದಿದ್ದೇನೆ.