ಬಸ್ಸಿನಲ್ಲಿ ಬರುವ ಕೋಳಿ ಮರಿ: ಮೂರು ವರ್ಷ, ಆರು ಪೆಟ್ಟಿಗೆ

ಮೂರು ವರ್ಷದಿಂದ ಒಂದೇ ಹ್ಯಾಚರಿಯಿಂದ, ಅಂದರೆ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಕಡೆಯಿಂದ, ಕೋಳಿ ಮರಿ ತರಿಸುತ್ತಿದ್ದೇನೆ. ಬೆಂಗಳೂರಿನ ಕಡೆಯಿಂದ ರಾತ್ರಿ ಬಸ್ಸಿಗೆ ಹಾಕುತ್ತಾರೆ, ಬೆಳಗಿನ ಜಾವ ಐದೂವರೆಗೆ ತೀರ್ಥಹಳ್ಳಿಯಲ್ಲಿ ಇಳಿಸಿಕೊಳ್ಳುತ್ತೇವೆ. ಇಲ್ಲಿಯವರೆಗೆ ಆರು ಪೆಟ್ಟಿಗೆ ಬಂದಿವೆ. ಎರಡು ಸಲ ಗಿರಿರಾಜ ತಳಿ, ಉಳಿದದ್ದೆಲ್ಲ ಕಾವೇರಿ ತಳಿ. ತಳಿಯ ತೂಕ, ಮೊಟ್ಟೆಯ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬರೆಯುವುದಿಲ್ಲ. ಮರಿ ಮನೆಗೆ ಬಂದ ಮೊದಲ ದಿನದ ಬಗ್ಗೆ ಮಾತ್ರ ಬರೆಯುತ್ತೇನೆ. ನನಗೆ ಸಿಟ್ಟು ಬಂದದ್ದೂ ಅಲ್ಲೇ, ಖುಷಿಯಾದದ್ದೂ ಅಲ್ಲೇ.

ಮೊದಲ ಸಲ ತರಿಸಿದ್ದು 25 ಮರಿ. ರಟ್ಟಿನ ಪೆಟ್ಟಿಗೆ ಬಿಚ್ಚಿದಾಗಲೇ ಮೂರು ಸತ್ತಿದ್ದವು. ಸಂಜೆಯೊಳಗೆ ಇನ್ನೂ ನಾಲ್ಕು ಹೋದವು, ಮರುದಿನ ಎರಡು. ಹ್ಯಾಚರಿಗೆ ಫೋನ್ ಮಾಡಿದರೆ "ದೂರದ ಪ್ರಯಾಣ ಅಲ್ವಾ ಮೇಡಂ, ಅಷ್ಟು ಮಾಮೂಲಿ" ಎಂದರು. ಮರಿಗೆ 40 ರೂಪಾಯಿ, ಒಂಬತ್ತು ಮರಿಗೆ 360. ಅಡಿಕೆ ತೋಟದ ಪಕ್ಕದಲ್ಲಿ ಮೂವತ್ತು ನಲವತ್ತು ಕೋಳಿ ಸಾಕುವ ನಮ್ಮಂಥವರಿಗೆ ಅದೂ ಲೆಕ್ಕಕ್ಕೆ ಬರುವ ದುಡ್ಡೇ. ಆದರೆ ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬೇರೆ. ಅಂಗೈಯಲ್ಲಿ ಹಿಡಿದುಕೊಂಡ ಮರಿ ಅಲ್ಲೇ ತಣ್ಣಗಾಯಿತು. ನನಗೆ ಏನು ಮಾಡಬೇಕೆಂದೇ ಗೊತ್ತಿರಲಿಲ್ಲ.

ಆಮೇಲೆ ನಮ್ಮ ಪಶು ವೈದ್ಯರು ವಿಷಯ ಬಿಡಿಸಿ ಹೇಳಿದರು. ಮೊಟ್ಟೆಯೊಳಗೆ ಉಳಿದ ಹಳದಿಯನ್ನು ಮರಿ ಹೊರಗೆ ಬರುವ ಮುಂಚೆ ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಮೇಲೆ ಎರಡು, ಹೆಚ್ಚೆಂದರೆ ಮೂರು ದಿನ ಬದುಕಬಲ್ಲದು. ಬಸ್ಸಿನಲ್ಲಿ ಮರಿ ಕಳಿಸಲು ಸಾಧ್ಯವಾಗಿರುವುದೇ ಅದರಿಂದ. ಆದರೆ 21 ದಿನ ಕಾವು ಕೊಟ್ಟ ಮೊಟ್ಟೆಗಳೆಲ್ಲ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ ಒಂದು ದಿನದಷ್ಟು ಅಂತರ ಇರುತ್ತದೆ. ಮುಂಚೆ ಹುಟ್ಟಿದ್ದು ನೀರಿಲ್ಲದೆ, ಯಂತ್ರದ ಬಿಸಿಯಲ್ಲೇ ಉಳಿದವಕ್ಕಾಗಿ ಕಾಯುತ್ತದೆ. ಪೆಟ್ಟಿಗೆಗೆ ಹಾಕುವ ಹೊತ್ತಿಗೆ ಕೆಲವಕ್ಕೆ ಐದಾರು ಗಂಟೆ, ಕೆಲವಕ್ಕೆ ಮೂವತ್ತು ಗಂಟೆ ಆಗಿರುತ್ತದೆ. ಅದರ ಮೇಲೆ ಬಸ್ಸಿನ ಒಂದು ರಾತ್ರಿ. ಒಂದೇ ಪೆಟ್ಟಿಗೆಯಲ್ಲಿ ಒಂದು ಕುಣಿಯುವುದು, ಇನ್ನೊಂದು ಕತ್ತು ಚೆಲ್ಲಿ ಮಲಗುವುದು ಯಾಕೆ ಅಂತ ಆಗ ಅರ್ಥವಾಯಿತು.

ನನ್ನ ದೊಡ್ಡ ದೂರು ಇದೇ. ಪೆಟ್ಟಿಗೆಯ ಮೇಲೆ ತಳಿ ಬರೆದಿರುತ್ತದೆ, ಸಂಖ್ಯೆ ಬರೆದಿರುತ್ತದೆ, ನಮ್ಮ ಫೋನ್ ನಂಬರ್ ಇರುತ್ತದೆ. ಮರಿಗಳನ್ನು ಯಂತ್ರದಿಂದ ಯಾವಾಗ ತೆಗೆದರು ಅನ್ನುವುದು ಮಾತ್ರ ಇರುವುದಿಲ್ಲ. ನಾಲ್ಕು ಪೆಟ್ಟಿಗೆಯವರೆಗೂ ಕೇಳಿದೆ, ಯಾರೂ ಸರಿಯಾಗಿ ಹೇಳಲಿಲ್ಲ. ಎರಡನೇ ಸಲವಂತೂ ಹಿಂದಿನ ದಿನ ಬಸ್ ತಪ್ಪಿ ಅಲ್ಲೇ ಉಳಿದ ಪೆಟ್ಟಿಗೆಯನ್ನು ನಮಗೆ ಒಂದು ಮಾತೂ ಹೇಳದೆ ಮರುದಿನ ಕಳಿಸಿದ್ದರು. ಮರಿಗಳ ಕಾಲಿನ ಚರ್ಮ ಒಣಗಿ ಸುಕ್ಕುಗಟ್ಟಿತ್ತು, ನರ ಎದ್ದು ಕಾಣುತ್ತಿತ್ತು. ಇದನ್ನು ಮಾಮೂಲಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಬಸ್ ಸ್ಟ್ಯಾಂಡಿಗೆ ಹೋಗುವ ಮುಂಚೆಯೇ ನಮ್ಮ ಕೆಲಸ ಶುರುವಾಗುತ್ತದೆ. ಹಿಂದಿನ ರಾತ್ರಿಯೇ ಹಳೇ ಕೊಟ್ಟಿಗೆಯ ಮೂಲೆಯಲ್ಲಿ ರಟ್ಟನ್ನು ದುಂಡಗೆ ನಿಲ್ಲಿಸಿ, ಒಳಗೆ ಎರಡು ಇಂಚು ಭತ್ತದ ಹೊಟ್ಟು ಹರಡುತ್ತೇನೆ. ಬರೀ ಪೇಪರ್ ಹಾಸಿದರೆ ಕಾಲು ಜಾರಿ ಅಗಲಕ್ಕೆ ಹೋಗುತ್ತದೆ, ಅದಕ್ಕೆ ಹೊಟ್ಟಿನ ಮೇಲೆ ಗೋಣಿಚೀಲ. ಮೇಲೆ 250 ವ್ಯಾಟಿನ ಕೆಂಪು ದೀಪ, ಸರಪಳಿಗೆ ಕಟ್ಟಿದ್ದು. ಹಳೇ ಕಾಲದ 100 ವ್ಯಾಟಿನ ಬಲ್ಬ್ ಈಗ ಅಂಗಡಿಯಲ್ಲಿ ಸಿಗುವುದೇ ಕಷ್ಟ, ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಹೋಗುವುದು. ಥರ್ಮಾಮೀಟರ್ ಇದೆ, ಆದರೂ ನಾನು ನೋಡುವುದು ಮರಿಗಳನ್ನೇ. ದೀಪದ ಕೆಳಗೆ ಒಂದರ ಮೇಲೊಂದು ಮುದುಡಿದರೆ ಚಳಿ. ರೆಕ್ಕೆ ಬಿಚ್ಚಿ, ಬಾಯಿ ತೆರೆದು ದೂರ ನಿಂತರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಅಕ್ಕಿ ಚೆಲ್ಲಿದ ಹಾಗೆ ಹರಡಿಕೊಂಡರೆ ನಾನು ಹೋಗಿ ಕಾಫಿ ಕುಡಿಯುತ್ತೇನೆ.

ಮೊದಲು ನೀರು, ಆಮೇಲೆ ಮೇವು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅಡಿಕೆ ಗಾತ್ರದ ಬೆಲ್ಲ. ಪೆಟ್ಟಿಗೆಯಿಂದ ಒಂದೊಂದೇ ಮರಿ ಎತ್ತಿ, ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿ ಬಿಡುತ್ತೇನೆ. ಕತ್ತು ಮೇಲೆತ್ತಿ ನುಂಗಿತು ಅಂದರೆ ಕಲಿತ ಹಾಗೆ. ಬಟ್ಟಲೊಳಗೆ ಗೋಲಿ ಹಾಕಿಟ್ಟಿರುತ್ತೇನೆ, ಇಲ್ಲದಿದ್ದರೆ ಸೋತ ಮರಿ ನೀರಿಗೇ ಮುಗ್ಗರಿಸುತ್ತದೆ. ಎರಡು ಮೂರು ಗಂಟೆ ಕಳೆದ ಮೇಲೆ ಪೇಪರ್ ಮೇಲೆ ಮೆಕ್ಕೆಜೋಳದ ಸಣ್ಣ ನುಚ್ಚು ಹರಡುತ್ತೇನೆ. ಬೆರಳಿನಿಂದ ಟಕ್ ಟಕ್ ಅಂತ ಕುಟ್ಟಿದರೆ ಓಡಿ ಬರುತ್ತವೆ. ಇದನ್ನು ಕಲಿಸಿದ್ದು ನಮ್ಮ ಅತ್ತೆ. ತಾಯಿ ಕೋಳಿ ಕುಕ್ಕುವ ಸದ್ದು ಹಾಗೇ ಇರುತ್ತದಂತೆ.

ನಾಲ್ಕನೇ ಪೆಟ್ಟಿಗೆ ಜುಲೈ ತಿಂಗಳ ಜಡಿಮಳೆಯಲ್ಲಿ ಬಂತು. ಕರೆಂಟ್ ಇರಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ, ಉಳಿದವುಗಳ ಕಾಲಡಿ ಒಂದು ಮರಿ ಬಿದ್ದಿತ್ತು. ಕಣ್ಣು ಮುಚ್ಚಿತ್ತು, ಕತ್ತು ನೂಲಿನ ಹಾಗೆ ಜೋತಾಡುತ್ತಿತ್ತು. ಕಾಲನ್ನು ಕೆನ್ನೆಗೆ ಒತ್ತಿ ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ನನ್ನ ಯಜಮಾನರು ಸತ್ತವುಗಳ ಜೊತೆ ಇಡಲು ಕೈ ಚಾಚಿದರು. ಅತ್ತೆ "ತಡಿ, ಎದೆ ಹಾರ್ತಿದೆ" ಎಂದರು. ಬಿಸಿನೀರು ತುಂಬಿದ ಬಾಟಲಿಗೆ ಹಳೇ ಪಂಚೆ ಸುತ್ತಿ, ಅದಕ್ಕೆ ಒರಗಿಸಿ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಮೊದಲು ಮೈ ಬಿಸಿಯಾಗಬೇಕು, ತಣ್ಣಗಿರುವ ಮರಿಗೆ ಏನು ಕೊಟ್ಟರೂ ಅರಗುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಫಿಲ್ಲರ್‌ನಿಂದ ಕೊಕ್ಕಿನ ಪಕ್ಕಕ್ಕೆ ಒಂದೇ ಒಂದು ಹನಿ ಬೆಲ್ಲದ ನೀರು ತಾಗಿಸಿದೆ. ಬಾಯೊಳಗೆ ಬಿಡಬಾರದು, ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಹನಿ ಕೊಕ್ಕಿನ ಅಂಚಿನಲ್ಲಿ ಹಾಗೇ ನಿಂತಿತ್ತು. ಆಮೇಲೆ ಗಂಟಲು ಸ್ವಲ್ಪ ಅಲುಗಿತು, ಹನಿ ಒಳಗೆ ಹೋಯಿತು. ಐದು ನಿಮಿಷಕ್ಕೊಂದು ಹನಿ. ಎಂಟು ಗಂಟೆಯ ಹೊತ್ತಿಗೆ ಅದು ಅತ್ತೆಯ ಮಡಿಲಿನಿಂದ ಒಂದು ಸಲ ಚೀಂವ್ ಎಂದಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಎರಡನೇ ದಿನ ಆ ಮರಿಯ ಹಿಕ್ಕೆ ಹಿಂಭಾಗಕ್ಕೆ ಅಂಟಿ ಗಟ್ಟಿಯಾಗಿತ್ತು. ಬಸ್ಸಿನಲ್ಲಿ ದಣಿದ ಮರಿಗಳಲ್ಲಿ ಇದು ಜಾಸ್ತಿ. ಹಾಗೇ ಬಿಟ್ಟರೆ ದಾರಿ ಕಟ್ಟಿ ಸಾಯುತ್ತವೆ. ಕಿತ್ತರೆ ಚರ್ಮವೇ ಬರುತ್ತದೆ. ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ತೆಗೆದು, ಒಣಗಿಸಿ ದೀಪದಡಿ ಬಿಡಬೇಕು. ಆ ಮರಿ ಈಗ ದೊಡ್ಡ ಹೇಟೆ, ತೋಟದಲ್ಲಿ ಓಡಾಡಿಕೊಂಡಿದೆ. ಇಡುವುದು ಕಂದು ಮೊಟ್ಟೆ.

ಹ್ಯಾಚರಿಯ ಬಗ್ಗೆ ಒಂದು ಒಳ್ಳೆಯ ಮಾತೂ ಹೇಳಬೇಕು. ಐದನೇ ಪೆಟ್ಟಿಗೆಯ ಹೊತ್ತಿಗೆ ಅಲ್ಲಿ ಫೋನ್ ಎತ್ತುವ ಹುಡುಗಿ ಬೇರೆ. ನಾನು ನಾಲ್ಕು ಪೆಟ್ಟಿಗೆಯ ಕಥೆ ಪೂರ್ತಿ ಹೇಳಿದೆ, ಅವಳು ಪೂರ್ತಿ ಕೇಳಿಸಿಕೊಂಡಳು. ಆ ಸಲ ಪೆಟ್ಟಿಗೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ "ತೆಗೆದದ್ದು ಮಧ್ಯಾಹ್ನ 2" ಎಂದು ಬರೆದಿತ್ತು. 50 ಮರಿಗೆ ಒಂದು ಹೆಚ್ಚಿಗೆ, ಒಟ್ಟು 51. ಸತ್ತದ್ದು ಎರಡೇ. ಬಸ್ಸಿನ ಡ್ರೈವರ್ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕದೆ ತಮ್ಮ ಸೀಟಿನ ಪಕ್ಕ ಇಟ್ಟುಕೊಂಡು ಬಂದಿದ್ದರು, ತಂಪುಗಾಳಿ ಹೊಡೆಯದಂತೆ ಅರ್ಧಕ್ಕೆ ಟವೆಲ್ ಹೊದಿಸಿದ್ದರು. ಆರನೆಯದೂ ಹಾಗೇ ಚೆನ್ನಾಗಿ ಬಂತು.

ಮೂರು ವರ್ಷದ ಹಿಂದೆ ಕೇಳಿದ್ದರೆ ಐದಕ್ಕೆ ಒಂದು ಅಂಕ ಕೊಡುತ್ತಿದ್ದೆ, ಈಗ ಮೂರೂವರೆ. ಪೂರ್ತಿ ಕೊಡದಿರುವುದು ಯಾಕೆಂದರೆ ಗಂಟೆ ಬರೆಯುವುದು ಇನ್ನೂ ಅವರ ಪದ್ಧತಿಯಾಗಿಲ್ಲ, ಆ ಹುಡುಗಿ ಇದ್ದರೆ ಮಾತ್ರ. ನೀವು ತರಿಸುವವರಾದರೆ ಮರಿಯನ್ನು ಯಂತ್ರದಿಂದ ಎಷ್ಟು ಗಂಟೆಗೆ ತೆಗೆಯುತ್ತಾರೆ ಅಂತ ಕೇಳಿ, ಅವತ್ತಿನ ರಾತ್ರಿ ಬಸ್ಸಿಗೇ ಹಾಕಿಸಿ. ಕೊಕ್ಕರೆ ರೋಗದ (ರಾಣಿಖೇತ್ ಅನ್ನುತ್ತಾರಲ್ಲ, ಅದೇ) ಮೊದಲ ಲಸಿಕೆ ಐದರಿಂದ ಏಳು ದಿನದೊಳಗೆ ಹಾಕಬೇಕು, ಅದನ್ನೂ ಮುಂಚೆಯೇ ತಂದಿಟ್ಟುಕೊಳ್ಳಿ. ನಾನು ದಸರಾ ಕಳೆದ ಮೇಲೆ 30 ಕಾವೇರಿ ಹೇಳಿದ್ದೇನೆ. ಫಿಲ್ಲರ್ ಹೊಸದು ತಂದಾಯಿತು.