ಮದನಿಕೆಯ ಹಾರದ ಮಣಿ ಉಳಿಯಬೇಕು: ನಾಲ್ಕು ವರ್ಷದ ಸ್ಕ್ವೂಶ್ ಬಳಕೆ

ಬೇಲೂರಿನ ಚನ್ನಕೇಶವ ದೇವಾಲಯದ ಮದನಿಕೆಯರ ಚಿತ್ರ ತೆಗೆದು ಅಂತರ್ಜಾಲದಲ್ಲಿ ಹಂಚುವುದು ನನ್ನ ಬಹುದಿನದ ಹವ್ಯಾಸ. ಮೊಬೈಲಿನ ಒಂದೊಂದು ಚಿತ್ರವೂ ನಾಲ್ಕೈದು ಎಂಬಿ ಇರುತ್ತದೆ. ನಮ್ಮ ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಕ್ಕರೆ ಪುಣ್ಯ. ಕುಗ್ಗಿಸದೆ ಗತಿಯಿಲ್ಲ.

ಮೊದಲು ಬಳಸುತ್ತಿದ್ದ ತಾಣವೊಂದಕ್ಕೆ ಇಡೀ ಚಿತ್ರವನ್ನು ಅಪ್‌ಲೋಡ್ ಮಾಡಬೇಕಿತ್ತು. ಕುಗ್ಗಿಸಲೆಂದೇ ಐದು ಎಂಬಿ ಕಳುಹಿಸಿ ಕಾಯುವುದು ಯಾವ ನ್ಯಾಯ? 2018ರಲ್ಲಿ ಗೂಗಲ್‌ನ ಕ್ರೋಮ್ ತಂಡ ಹೊರತಂದ, ಚಿತ್ರ ಕುಗ್ಗಿಸುವ ಉಚಿತ ತಾಣ ಸ್ಕ್ವೂಶ್‌ನಲ್ಲಿ ಕೆಲಸವೆಲ್ಲ ಬ್ರೌಸರಿನೊಳಗೇ ಮುಗಿಯುತ್ತದೆ. ಚಿತ್ರ ನಮ್ಮ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ. ಒಮ್ಮೆ ತೆರೆದುಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ಇದರ ಬೆಲೆ ನಮಗೇ ಗೊತ್ತು.

ನಾನು ಇದನ್ನು ಬಿಡದಿರುವುದು ಪರದೆಯ ನಡುವಿನ ಒಂದು ಗೆರೆಗಾಗಿ. ಎಡಕ್ಕೆ ಮೂಲ ಚಿತ್ರ, ಬಲಕ್ಕೆ ಕುಗ್ಗಿದ ಚಿತ್ರ. ದರ್ಪಣ ಸುಂದರಿಯ ಕೊರಳ ಹಾರದ ಮೇಲೆ ಆ ಗೆರೆಯನ್ನು ಎಳೆದು ತಂದು ನೋಡುತ್ತೇನೆ. ಗುಣಮಟ್ಟದ ಅಂಕಿಯನ್ನು 75ಕ್ಕೆ ಇಟ್ಟರೆ ಮಣಿಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. 40ಕ್ಕೆ ಇಳಿಸಿದರೆ ಮಣಿಗಳ ನಡುವಿನ ನೆರಳು ಕಲಸಿಹೋಗಿ, ಬಳಪದ ಕಲ್ಲಿನ ನುಣುಪಿನ ಮೇಲೆ ಚೌಕದ ಗುರುತು ಏಳುತ್ತದೆ. ಫೋಟೊಗಳನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಪದ್ಧತಿ ಚಿತ್ರವನ್ನು ಪುಟ್ಟ ಚೌಕಗಳಾಗಿ ಒಡೆದು ಸೂಕ್ಷ್ಮ ವಿವರವನ್ನೇ ಮೊದಲು ಕೈಬಿಡುತ್ತದೆ. ಹೊಯ್ಸಳರ ಕೆತ್ತನೆಯ ಜೀವ ಇರುವುದೇ ಆ ವಿವರದಲ್ಲಿ! ಹಾಗಾಗಿ ಅಂಕಿಯನ್ನು ನಂಬದೆ ಕಣ್ಣಿನಿಂದ ನೋಡಿಯೇ ತೀರ್ಮಾನಿಸುತ್ತೇನೆ.

ಗುಣಮಟ್ಟಕ್ಕೆ ಕೈಹಾಕುವ ಮುನ್ನ ಅಳತೆ ಇಳಿಸಿ. 4000 ಪಿಕ್ಸೆಲ್ ಅಗಲವನ್ನು 1600ಕ್ಕೆ ತಂದರೆ ಒಟ್ಟು ಪಿಕ್ಸೆಲ್‌ಗಳು ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತವೆ. ಮೊಬೈಲಿನಲ್ಲಿ ನೋಡುವವರಿಗೆ ಅಷ್ಟು ಧಾರಾಳವಾಗಿ ಸಾಕು. ನನ್ನ ಚಿತ್ರಗಳು ಹೀಗೆ 400 ಕೆಬಿಯ ಆಸುಪಾಸಿಗೆ ಬರುತ್ತವೆ.

ಒಂದು ಸಲಕ್ಕೆ ಒಂದೇ ಚಿತ್ರ ಎಂಬುದು ಇದರ ಮಿತಿ. ರಥೋತ್ಸವದ ಅರವತ್ತು ಚಿತ್ರಗಳಿಗೆ ಬೇರೆ ತಂತ್ರಾಂಶ ಹುಡುಕಿಕೊಳ್ಳಬೇಕು. ಕುಗ್ಗಿದ ಕಡತದಲ್ಲಿ ಚಿತ್ರ ತೆಗೆದ ಸ್ಥಳ, ದಿನಾಂಕ ಉಳಿಯುವುದಿಲ್ಲ. ಮನೆಮಕ್ಕಳ ಚಿತ್ರ ಹಂಚುವಾಗ ಅದು ಒಳ್ಳೆಯದೇ, ಆದರೆ ಮೂಲವನ್ನು ಮಾತ್ರ ಅಳಿಸಬೇಡಿ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಚಿತ್ರ ಇನ್ನಷ್ಟು ಕೆಡುತ್ತದೆ.

ಮದುವೆಯ ಕರೆಯೋಲೆಗೆ ಜೆಪೆಗ್ ಬೇಡ, ಅಕ್ಷರಗಳ ಅಂಚಿನಲ್ಲಿ ಧೂಳು ಕೂತಂತೆ ಕಾಣುತ್ತದೆ. ಪಿಎನ್‌ಜಿ ಎಂಬ ಇನ್ನೊಂದು ಪದ್ಧತಿಯನ್ನು ಆರಿಸಿ, ಬಣ್ಣಗಳ ಸಂಖ್ಯೆ ತಗ್ಗಿಸಿ. ಒತ್ತಕ್ಷರವೂ ಸ್ಪಷ್ಟವಾಗಿ ಉಳಿಯುತ್ತದೆ.